ಐದು ಹಣ್ಣು, ಎರಡು ಕಡ್ಡಿ

ದಾವಣಗೆರೆಯ ಗಾಡಿಯೊಂದರ ಮೇಲೆ ಬಾಳೆ, ಮೂಸಂಬಿ, ಹಿರಿಯೂರು ಕಡೆಯ ದಾಳಿಂಬೆ, ಮೂರೂ ಬೇಕಾದಷ್ಟಿವೆ. ಚೀಲಕ್ಕೆ ಐದು ಹಣ್ಣು ತುಂಬಿಸಬೇಕು. ಐದೂ ಒಂದೇ ಜಾತಿಯಾದರೂ ಸರಿ, ಬೆರಕೆಯಾದರೂ ಸರಿ. ಎಷ್ಟು ಬಗೆಯ ಚೀಲಗಳಾಗಬಹುದು?

ಮಕ್ಕಳು ಸಾಮಾನ್ಯವಾಗಿ 3ನ್ನು ಐದು ಸಲ ಗುಣಿಸಿ 243 ಎನ್ನುತ್ತಾರೆ. ಗುಣಾಕಾರ ಸರಿಯಾಗಿದೆ, ಆದರೆ ಅದು ಬೇರೆ ಪ್ರಶ್ನೆಯ ಉತ್ತರ. ಮೊದಲು ಬಾಳೆ, ಆಮೇಲೆ ದಾಳಿಂಬೆ ಹಾಕುವುದೂ, ಮೊದಲು ದಾಳಿಂಬೆ, ಆಮೇಲೆ ಬಾಳೆ ಹಾಕುವುದೂ ಅಲ್ಲಿ ಬೇರೆ ಬೇರೆ. ಮನೆಗೆ ಬಂದು ಚೀಲ ಬಿಚ್ಚಿದವರಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಹಾಗಾದರೆ ಐದು ಹಣ್ಣುಗಳ ಅದಲುಬದಲು, ಅಂದರೆ 5×4×3×2×1=120ರಿಂದ ಭಾಗಿಸಿಬಿಡೋಣವೇ? 243ನ್ನು 120ರಿಂದ ಭಾಗಿಸಿದರೆ 2.025. ಕಾಲುಭಾಗದ ಚೀಲವೂ ಇಲ್ಲ, ಅರೆಭಾಗದ ಚೀಲವೂ ಇಲ್ಲ, ಎಲ್ಲೋ ಎಡವಿದ್ದೇವೆ. ಲೆಕ್ಕದ ತಿರುಳು ಇರುವುದು ಇಲ್ಲೇ. ಐದೂ ಬಾಳೆಯಾದರೆ ಹಾಕುವ ಕ್ರಮ ಒಂದೇ. ನಾಲ್ಕು ಬಾಳೆ, ಒಂದು ಮೂಸಂಬಿಯಾದರೆ ಐದು ಕ್ರಮ. ಮೂರು-ಎರಡು ಆದರೆ 10, ಮೂರು-ಒಂದು-ಒಂದು ಆದರೆ 20, ಎರಡು-ಎರಡು-ಒಂದು ಆದರೆ 30. ಒಂದೊಂದು ಚೀಲದ ಪಾಲು ಒಂದೊಂದು ತೆರ. ಎಲ್ಲಕ್ಕೂ ಒಂದೇ ಭಾಜಕ ಹೊಂದದು.

ಐದು ಹುಣಸೆಬೀಜ, ಎರಡು ಬೆಂಕಿಕಡ್ಡಿ ತೆಗೆದುಕೊಳ್ಳಿ. ಎಲ್ಲವನ್ನೂ ಒಂದೇ ಸಾಲಿನಲ್ಲಿಡಿ. ಮೊದಲ ಕಡ್ಡಿಯ ಎಡಕ್ಕಿರುವ ಬೀಜ ಬಾಳೆ, ಕಡ್ಡಿಗಳ ನಡುವಿನದು ಮೂಸಂಬಿ, ಬಲಗಡೆಯದು ದಾಳಿಂಬೆ. ಕಡ್ಡಿಗಳೆರಡೂ ಒತ್ತೊತ್ತಾಗಿದ್ದರೆ ಮೂಸಂಬಿ ಇಲ್ಲ ಎಂದರ್ಥ. ಪ್ರತಿ ಚೀಲಕ್ಕೂ ಒಂದೇ ಸಾಲು, ಪ್ರತಿ ಸಾಲಿಗೂ ಒಂದೇ ಚೀಲ. ಸಾಲಿನಲ್ಲಿ ಏಳು ಜಾಗ. ಅದರಲ್ಲಿ ಕಡ್ಡಿಗೆ ಎರಡನ್ನು ಆರಿಸಿದರೆ ಮುಗಿಯಿತು. 7×6=42; ಕಡ್ಡಿಗಳಲ್ಲಿ ಭೇದವಿಲ್ಲದ್ದರಿಂದ ಅದರರ್ಧ, 21.

ಮೇಲೆ ಇಳಿಯುವ ಸಂಖ್ಯೆಗಳು, ಕೆಳಗೆ ಒಂದರಿಂದ ಏರುವ ಸಂಖ್ಯೆಗಳು, ಗುಣಿಸಿ ಭಾಗಿಸು: ಆಯ್ಕೆ ಎಣಿಸುವ ಈ ಸೂತ್ರವನ್ನು ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದಾರೆ. ಅವರ ಉದಾಹರಣೆಯಲ್ಲಿರುವುದು ಆರು ರುಚಿಗಳು. ನಮ್ಮ ನೆಲದ್ದೇ ಆದ ಈ ಲೆಕ್ಕ ಪಾಠದಲ್ಲಿ ಬರಿಯ ಅಕ್ಷರಗಳ ಸೂತ್ರವಾಗಿ ಬಂದು ಹೋಗುವುದು ಬೇಸರದ ಸಂಗತಿ.

ಉತ್ತರ ತಾಳೆನೋಡಿ. ಐದೂ ಒಂದೇ ಜಾತಿಯ ಚೀಲ 3, ನಾಲ್ಕು-ಒಂದು 6, ಮೂರು-ಎರಡು 6, ಮೂರು-ಒಂದು-ಒಂದು 3, ಎರಡು-ಎರಡು-ಒಂದು 3. ಕೂಡಿದರೆ 21. ಕ್ರಮಗಳನ್ನು ಕೂಡಿದರೆ 3+30+60+60+90, ಅದೇ 243.

ಮೂರೂ ಜಾತಿ ಇರಲೇಬೇಕೆಂದರೆ ಒಂದೊಂದನ್ನು ಮೊದಲೇ ಚೀಲಕ್ಕೆ ಹಾಕಿ. ಉಳಿದ ಎರಡಕ್ಕೆ ಎರಡು ಬೀಜ, ಎರಡು ಕಡ್ಡಿ. ನಾಲ್ಕು ಜಾಗದಲ್ಲಿ ಎರಡು, ಅಂದರೆ 6.

ಗಾಡಿಯಲ್ಲಿ ದಾಳಿಂಬೆ ಎರಡೇ ಉಳಿದಿದ್ದರೆ ಇದೇ 6 ಇನ್ನೊಂದು ಕಡೆ ನೆರವಾಗುತ್ತದೆ. ಮೂರು ಅಥವಾ ಹೆಚ್ಚು ದಾಳಿಂಬೆಯ ಚೀಲಗಳನ್ನು ಕಳೆಯಬೇಕು. ಮೂರು ದಾಳಿಂಬೆ ಮೊದಲೇ ಹಾಕಿದರೆ ಉಳಿಯುವುದು ಎರಡು ಹಣ್ಣು, ಅದಕ್ಕೆ 6 ದಾರಿ. 21ರಲ್ಲಿ 6 ಹೋದರೆ 15. ಮೂಸಂಬಿಯೂ ಎರಡೇ ಆದರೆ ಇನ್ನೂ 6 ಕಳೆದು 9. ಎರಡನ್ನೂ ಮೂರು ಮೂರು ಹಾಕಲು ಆರು ಹಣ್ಣು ಬೇಕಾದ್ದರಿಂದ ಯಾವ ಚೀಲವನ್ನೂ ಎರಡು ಸಲ ಕಳೆದಿಲ್ಲ. ಚೀಲ ಆರು ಹಣ್ಣಿನದಾದರೆ ಮಾತ್ರ ಎಚ್ಚರ: ಎಂಟು ಜಾಗದಲ್ಲಿ ಎರಡು, ಅಂದರೆ 28; ಮೂರು ದಾಳಿಂಬೆ ಮೊದಲೇ ಹಾಕಿದರೆ ಉಳಿದ ಮೂರು ಹಣ್ಣಿಗೆ ಐದು ಜಾಗದಲ್ಲಿ ಎರಡು, ಅಂದರೆ 10, ಮೂಸಂಬಿಗೂ ಅಷ್ಟೇ. 28ರಿಂದ 10, ಮತ್ತೆ 10 ಕಳೆದರೆ 8 ಬರುತ್ತದೆ, ಅದು ತಪ್ಪು. ಮೂರು ಮೂಸಂಬಿ, ಮೂರು ದಾಳಿಂಬೆಯ ಒಂದು ಚೀಲ ಎರಡು ಸಲ ಹೋಗಿದೆ. ಅದನ್ನು ಮರಳಿ ಕೂಡಿದರೆ 9.