ರಿಲೇಟಿವ್ ಕ್ಲಾಜ್: ಕನ್ನಡದ ಮಕ್ಕಳು ಎಡವುವುದು ಎಲ್ಲಿ, ಕಲಿಸುವುದು ಹೇಗೆ

ಇಂಗ್ಲಿಷಿನಲ್ಲಿ ನಾಮಪದದ ಬೆನ್ನಿಗೇ ಬಂದು, ಅದು ಯಾರು ಅಥವಾ ಯಾವುದು ಎಂದು ಗುರುತು ಹೇಳುವ ಉಪವಾಕ್ಯವೇ ರಿಲೇಟಿವ್ ಕ್ಲಾಜ್. ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಎಂಬಲ್ಲಿ ‘ಬಾಯ್’ ಮುಖ್ಯ ನಾಮಪದ, ಉಳಿದದ್ದು ಉಪವಾಕ್ಯ. ಎರಡನ್ನೂ ಬೆಸೆಯುವ ‘ಹೂ’ ರಿಲೇಟಿವ್ ಪ್ರೊನೌನ್. ಜನರಿಗೆ ಹೂ, ವಸ್ತುಗಳಿಗೆ ವಿಚ್, ಎರಡಕ್ಕೂ ಒಗ್ಗುವುದು ದಟ್, ಒಡೆತನಕ್ಕೆ ಹೂಸ್. ಇಷ್ಟನ್ನು ಮಕ್ಕಳು ಒಂದೇ ಪೀರಿಯಡ್‌ನಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ತೊಡಕಿರುವುದು ವಾಕ್ಯ ಕಟ್ಟುವಲ್ಲಿ.

ಕನ್ನಡದಲ್ಲಿ ನಾವು ‘ನಿನ್ನೆ ಬಂದ ಹುಡುಗ’ ಎನ್ನುತ್ತೇವೆ. ವಿವರಣೆ ಮೊದಲು, ನಾಮಪದ ಆಮೇಲೆ. ಬೆಸೆಯುವ ಪದವೇ ಬೇಕಿಲ್ಲ, ‘ಬಂದ’ ಎಂಬ ಕೃದಂತನಾಮವೇ ಆ ಕೆಲಸ ಮಾಡುತ್ತದೆ. ಹುಡುಗ, ಹುಡುಗಿ, ಹುಡುಗರು ಯಾರೇ ಆದರೂ ‘ಬಂದ’ ಬದಲಾಗುವುದಿಲ್ಲ. ‘ದ ಬಾಯ್ಸ್ ಹೂ ಲಿವ್ಸ್ ಹಿಯರ್’ ಎಂದು ಮಕ್ಕಳು ಬರೆಯುವುದಕ್ಕೆ ಇದೂ ಒಂದು ಕಾರಣ: ವಿವರಣೆಯೊಳಗಿನ ಕ್ರಿಯೆಗೂ ವಚನ ನೋಡಬೇಕೆಂಬ ಅಭ್ಯಾಸ ಅವರಿಗಿಲ್ಲ.

ಇದಕ್ಕಿಂತ ಆಳದ ತೊಡಕು ‘ನಾನು ಹಣ್ಣು ಕತ್ತರಿಸಿದ ಚಾಕು’ ಎಂಬಂಥ ಮಾತಿನಲ್ಲಿದೆ. ಚಾಕುವಿನಿಂದ ಕತ್ತರಿಸಿದ್ದು ನಿಜ, ಆದರೆ ‘ಇಂದ’ ಪ್ರತ್ಯಯ ಇಲ್ಲಿ ಬಿದ್ದುಹೋಗಿದೆ, ಅರ್ಥಕ್ಕೆ ಕೊರತೆಯಾಗಿಲ್ಲ. ‘ನಾವು ಕೂತ ಬೆಂಚು’ ಕೂಡ ಹಾಗೆಯೇ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ‘ದ ನೈಫ್ ವಿಚ್ ಐ ಕಟ್ ದ ಫ್ರೂಟ್’ ಎಂದರೆ ತಪ್ಪು, ಕೊನೆಯಲ್ಲಿ ‘ವಿತ್’ ಇರಲೇಬೇಕು. ಬೆಂಚಿನ ವಾಕ್ಯಕ್ಕೆ ‘ಆನ್’ ಬೇಕು. ಹೂ, ವಿಚ್‌ಗಳ ಪಟ್ಟಿಗೆ ಕೊಡುವ ಸಮಯವನ್ನು ಇದಕ್ಕೆ ಕೊಡುವುದು ಲೇಸು.

ಕಲಿಸುವಾಗ ಎರಡು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆಯಿರಿ: ‘ದಿಸ್ ಈಸ್ ದ ನೈಫ್. ಐ ಕಟ್ ದ ಫ್ರೂಟ್ ವಿತ್ ದ ನೈಫ್.’ ಎರಡರಲ್ಲೂ ಇರುವ ನಾಮಪದಕ್ಕೆ ಅಡಿಗೆರೆ ಎಳೆಸಿ. ಎರಡನೆಯ ವಾಕ್ಯದ ‘ದ ನೈಫ್’ ಅಳಿಸಿ, ಆ ಜಾಗದಲ್ಲಿ ಖಾಲಿ ಚೌಕ ಬಿಡಿ. ‘ವಿಚ್’ ಅನ್ನು ಆ ವಾಕ್ಯದ ಮೊದಲಿಗೆ ತನ್ನಿ, ‘ವಿತ್’ ಇದ್ದಲ್ಲೇ ಇರಲಿ. ಈಗ ಇಡೀ ತುಂಡನ್ನು ಮೊದಲ ವಾಕ್ಯದ ‘ನೈಫ್’ ಪಕ್ಕಕ್ಕೆ ಸೇರಿಸಿ. ಖಾಲಿ ಚೌಕವನ್ನು ಕೊನೆಯವರೆಗೂ ಅಳಿಸಬೇಡಿ. ‘ದ ಬುಕ್ ವಿಚ್ ಐ ಬಾಟ್ ಇಟ್’ ಎಂದು ಬರೆಯುವ ಮಕ್ಕಳು ಆ ಚೌಕದೊಳಗೇ ‘ಇಟ್’ ತುಂಬಿರುತ್ತಾರೆ. ಅದು ಖಾಲಿಯೇ ಉಳಿಯಬೇಕು ಎಂಬುದು ಕಣ್ಣಿಗೆ ಕಂಡಾಗ ನಿಯಮ ಹೇಳುವ ಅಗತ್ಯವೂ ಕಡಿಮೆ.

ಇನ್ನೊಂದು ತಪ್ಪು ‘ಯಾರು ಓದುತ್ತಾರೋ ಅವರು’ ಎಂಬ ನಮ್ಮ ಜೋಡಣೆಯಿಂದ ಬರುತ್ತದೆ: ‘ಹೂ ಸ್ಟಡೀಸ್ ವೆಲ್ ದೇ ಪಾಸ್’. ಇಲ್ಲಿ ಮುಖ್ಯ ನಾಮಪದವೇ ಕಾಣೆಯಾಗಿದೆ. ‘ಸ್ಟೂಡೆಂಟ್ಸ್ ಹೂ ಸ್ಟಡಿ ವೆಲ್ ಪಾಸ್’ ಎಂದು ನಾಮಪದವನ್ನು ಮೊದಲು ಇಡಿಸಿ, ‘ದೇ’ ತೆಗೆಸಿ.

ಪಾಠದ ಕ್ರಮಕ್ಕೆ ಭಾಷಾವಿಜ್ಞಾನಿಗಳಾದ ಕೀನನ್ ಮತ್ತು ಕಾಮ್ರಿ 1977ರಲ್ಲಿ ಮಂಡಿಸಿದ ಶ್ರೇಣಿ ನೆರವಾಗುತ್ತದೆ. ಹಲವು ಭಾಷೆಗಳನ್ನು ಹೋಲಿಸಿ, ಮುಖ್ಯ ನಾಮಪದವೇ ಉಪವಾಕ್ಯದೊಳಗಿನ ಕ್ರಿಯೆಗೆ ಕರ್ತೃವಾಗಿರುವ ಬಗೆ ಎಲ್ಲಕ್ಕಿಂತ ಸುಲಭಲಭ್ಯ, ನಂತರ ಕರ್ಮವಾಗಿರುವುದು, ಆಮೇಲೆ ‘ವಿತ್’, ‘ಆನ್’ ಬಗೆಯವು, ಅದಕ್ಕೂ ಮುಂದೆ ಒಡೆತನದ್ದು ಎಂದು ಅವರು ತೋರಿಸಿದರು. ಜೊತೆಗೆ, ಉಪವಾಕ್ಯ ಕೊನೆಯಲ್ಲಿ ಬರುವ ‘ಐ ಮೆಟ್ ಅ ಗರ್ಲ್ ಹೂ ಸಿಂಗ್ಸ್’ ಮೊದಲು ಬರಲಿ. ನಡುವೆ ತೂರಿಕೊಳ್ಳುವ ‘ದ ಗರ್ಲ್ ಹೂ ಸಿಂಗ್ಸ್ ಈಸ್ ಮೈ ಫ್ರೆಂಡ್’ ಆಮೇಲೆ. ಕರ್ಮದ ಜಾಗದಲ್ಲಿದ್ದರೆ ವಿಚ್ ಬಿಡಬಹುದು, ಕರ್ತೃವಿನ ಜಾಗದಲ್ಲಿದ್ದರೆ ಬಿಡುವಂತಿಲ್ಲ. ಅಲ್ಪವಿರಾಮದೊಡನೆ ಬರುವ ಹೆಚ್ಚುವರಿ ಮಾಹಿತಿಯ ಉಪವಾಕ್ಯಕ್ಕೆ ದಟ್ ಸಲ್ಲದು. ಅದನ್ನು ಮುಂದಿನ ತರಗತಿಗೆ ಬಿಟ್ಟರೂ ನಷ್ಟವಿಲ್ಲ.

ನೋಟ್‌ಬುಕ್‌ನಲ್ಲಿ ತಪ್ಪು ಕಡಿಮೆ ಎಂದ ಮಾತ್ರಕ್ಕೆ ಕಲಿತಿದ್ದಾರೆ ಎಂದುಕೊಳ್ಳಬಾರದು. ಜಾಕ್ವೆಲಿನ್ ಶಾಕ್ಟರ್ 1974ರಲ್ಲಿ ಪರ್ಷಿಯನ್, ಅರಬಿ, ಚೀನೀ, ಜಪಾನಿ ಮಾತೃಭಾಷೆಯ ವಿದ್ಯಾರ್ಥಿಗಳ ಇಂಗ್ಲಿಷ್ ಬರಹಗಳನ್ನು ಹೋಲಿಸಿದರು. ಚೀನೀ, ಜಪಾನಿಯವರ ತಪ್ಪು ಕಡಿಮೆಯಿತ್ತು, ಏಕೆಂದರೆ ಅವರು ಈ ರಚನೆಯನ್ನು ಬಳಸಿದ್ದೇ ಕಡಿಮೆ. ಆ ಎರಡು ಭಾಷೆಗಳಲ್ಲೂ ಕನ್ನಡದಂತೆ ವಿವರಣೆ ನಾಮಪದಕ್ಕಿಂತ ಮುಂಚೆ ಬರುತ್ತದೆ. ನಮ್ಮ ಮಕ್ಕಳೂ ಎರಡು ಚಿಕ್ಕ ವಾಕ್ಯ ಬರೆದು ತಪ್ಪಿಸಿಕೊಳ್ಳಬಲ್ಲರು. ಹಾಗಾಗಿ ತಪ್ಪಿಸಿಕೊಳ್ಳಲಾಗದ ಅಭ್ಯಾಸ ಕೊಡಿ: ಒಂದೇ ಸಮವಸ್ತ್ರದ ಐದಾರು ಹುಡುಗಿಯರ ಚಿತ್ರ ತೋರಿಸಿ, ಹೆಸರು ಹೇಳದೆ, ಬೆರಳು ತೋರಿಸದೆ ಒಬ್ಬಳನ್ನು ಗುರುತಿಸಲು ಹೇಳಿ. ‘ದ ಗರ್ಲ್ ಹೂ ಈಸ್ ಹೋಲ್ಡಿಂಗ್ ಆ್ಯನ್ ಅಂಬ್ರೆಲಾ’ ಎನ್ನದೆ ಅಲ್ಲಿ ಗತ್ಯಂತರವಿಲ್ಲ.