ಹೊಸ ಹುಟ್ಟಿಗೆ ತಾರೀಖು ಉಂಟೇ? ಗುಬ್ಬಿಯಿಂದ ಕೆಜಿಎಫ್‌ವರೆಗೆ ಒಂದು ಹಳೆಯ ಚರ್ಚೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕ್ರೈಸ್ತ ಮನೆಗಳಲ್ಲಿ ಒಂದು ಬಗೆಯ ಮನಸ್ತಾಪ ಈಗ ಅಪರೂಪವಲ್ಲ. ಎಳೆಗೂಸಾಗಿದ್ದಾಗಲೇ ಹಳೆಯ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ದೀಕ್ಷಾಸ್ನಾನವಾದ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಬ್ಯಾಪ್ಟಿಸಂ ಸಂಸ್ಕಾರವಾದ) ಮಗನೋ ಸೊಸೆಯೋ ಬಡಾವಣೆಯ ಹೊಸ ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗುತ್ತಾರೆ. ಸ್ವಲ್ಪ ಕಾಲದಲ್ಲೇ, ಆಗ ಆದದ್ದು ದೀಕ್ಷಾಸ್ನಾನವೇ ಅಲ್ಲ, ಹೊಸದಾಗಿ ಹುಟ್ಟಿದ್ದು ಈಗ ಎಂದು ಹೇಳಿ ತುಂಬಿದ ತೊಟ್ಟಿಯಲ್ಲೋ ಕೆರೆಯಲ್ಲೋ ಮುಳುಗಿ ಏಳುತ್ತಾರೆ. ಅಪ್ಪ ಅಮ್ಮನಿಗೆ ಇದು ತಮ್ಮ ನಂಬಿಕೆಯ ಮೇಲೆ ನೀರು ಸುರಿದಂತೆ ಕಾಣುತ್ತದೆ. ಮದುವೆ ನಡೆಸುವವರು ಯಾರು, ತೀರಿಕೊಂಡರೆ ಮಣ್ಣು ಮಾಡುವುದು ಯಾವ ಸಭೆಯ ಸ್ಮಶಾನದಲ್ಲಿ ಎಂಬಲ್ಲಿಗೆ ಮಾತು ಬೆಳೆಯುತ್ತದೆ. ಹೊರಗೆ ನಿಂತು ನೋಡುವ ಊರಿನವರಿಗೆ ಈ ಯಾವ ಸೂಕ್ಷ್ಮವೂ ಕಾಣುವುದಿಲ್ಲ. ಯಾರೋ ನೀರಿಗಿಳಿದರು, ಅಂದರೆ ಮತಾಂತರವಾಯಿತು, ಅಷ್ಟೇ. ದೇವತಾಶಾಸ್ತ್ರದ ಪ್ರಶ್ನೆ, ಮನೆಯ ಜಗಳ ಮತ್ತು ಕಾನೂನಿನ ತೊಡಕು, ಈ ಮೂರೂ ಹೀಗೆ ಒಂದೇ ನೀರಿನಲ್ಲಿ ಕಲಸಿಹೋಗಿವೆ.

ಪ್ರಶ್ನೆಯ ಬೇರು ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿದೆ. ಫರಿಸಾಯರೆಂಬ ಯೆಹೂದಿ ಪಂಗಡದ ಪೈಕಿ ನಿಕೊದೇಮನೆಂಬ ಹಿರಿಯ ರಾತ್ರಿಯ ಹೊತ್ತು ಯೇಸುವನ್ನು ಕಾಣಲು ಬರುತ್ತಾನೆ. ಹೊಸದಾಗಿ ಹುಟ್ಟದವನು ದೇವರ ರಾಜ್ಯವನ್ನು ಕಾಣಲಾರನೆಂದು ಯೇಸು ಹೇಳಿದಾಗ, ಮುದುಕನಾದವನು ತಾಯಿಯ ಗರ್ಭವನ್ನು ಮತ್ತೆ ಸೇರುವುದುಂಟೇ ಎಂದು ಕೇಳುತ್ತಾನೆ. ನೀರಿನಿಂದಲೂ ಆತ್ಮನಿಂದಲೂ ಹುಟ್ಟಬೇಕು ಎಂಬ ಉತ್ತರ ಬರುತ್ತದೆ. ಅದರ ಬೆನ್ನಿಗೇ ಗಾಳಿಯ ಮಾತೂ ಇದೆ: ಅದು ಇಷ್ಟ ಬಂದ ಕಡೆ ಬೀಸುತ್ತದೆ, ಸಪ್ಪಳ ಕೇಳಿಸುತ್ತದೆ, ಎಲ್ಲಿಂದ ಬಂತೆಂದು ಮಾತ್ರ ತಿಳಿಯುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಕರ್ಮಫಲಕ್ಕೆ ತಕ್ಕಂತೆ ಸತ್ತ ಮೇಲೆ ಬೇರೆ ದೇಹ ತಾಳುವ ವಿಷಯವನ್ನಲ್ಲ. ಇದೇ ದೇಹದಲ್ಲಿ, ಇದೇ ಬದುಕಿನಲ್ಲಿ, ಪಾಪದ ಹಿಡಿತದಲ್ಲಿರುವ ಮನುಷ್ಯನಿಗೆ ದೇವರು ಒಳಗಿನಿಂದ ಹೊಸ ಜೀವ ಕೊಡುತ್ತಾನೆ. ಅದು ಅವನ ಪುಣ್ಯದ ಸಂಪಾದನೆಯಲ್ಲ, ಕೃಪೆ. ಕ್ಯಾಥೊಲಿಕರಿಂದ, ಪವಿತ್ರಾತ್ಮನ ಅನುಭವಕ್ಕೆ ಒತ್ತು ಕೊಡುವ ಪೆಂಟೆಕೋಸ್ಟಲ್ ಸಭೆಗಳವರೆಗೆ ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಅದು ಯಾವಾಗ ಆಗುತ್ತದೆ, ಆಯಿತೆಂದು ತಿಳಿಯುವುದು ಹೇಗೆ ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ.

ಮೊದಲ ಸಾವಿರದೈನೂರು ವರ್ಷ ಬಹುಪಾಲು ಸಭೆಯ ಉತ್ತರ ಒಂದೇ: ದೀಕ್ಷಾಸ್ನಾನದ ನೀರಿನಲ್ಲಿ. ಎರಡನೆಯ ಶತಮಾನದ ಜಸ್ಟಿನ್ ಹಾಗೆ ಬರೆದ, ಅಗಸ್ಟೀನ್ ಅದಕ್ಕೆ ಜನ್ಮಪಾಪದ, ಅಂದರೆ ಮನುಷ್ಯ ಪಾಪ ಹೊತ್ತೇ ಹುಟ್ಟುತ್ತಾನೆಂಬ, ತರ್ಕ ಕೂಡಿಸಿ ಶಿಶುಗಳ ದೀಕ್ಷಾಸ್ನಾನವನ್ನು ಗಟ್ಟಿಗೊಳಿಸಿದ, ರೋಮಿನೊಂದಿಗೆ ಅಷ್ಟೆಲ್ಲ ಜಗಳವಾಡಿದ ಲೂಥರ್ ಕೂಡ ಈ ಒಂದು ವಿಷಯದಲ್ಲಿ ಹಳೆಯ ದಾರಿಯನ್ನೇ ಹಿಡಿದ. 1525ರಲ್ಲಿ ಜ್ಯೂರಿಚ್‌ನ ಕೆಲವರು ಮಾತ್ರ, ನಂಬಿಕೆ ಹುಟ್ಟುವ ಮುಂಚಿನ ಸ್ನಾನ ಸ್ನಾನವೇ ಅಲ್ಲವೆಂದು ಮತ್ತೆ ದೀಕ್ಷಾಸ್ನಾನ ಪಡೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು 1527ರ ಜನವರಿಯಲ್ಲಿ ನಗರದ ಆಡಳಿತ ಹೊಳೆಯಲ್ಲಿ ಮುಳುಗಿಸಿ ಕೊಂದಿತು. ಶಿಕ್ಷೆಗೆ ನೀರನ್ನೇ ಆರಿಸಿಕೊಂಡದ್ದರ ಹಿಂದಿನ ಕುಹಕ ಯಾರಿಗೂ ಅರ್ಥವಾಗುವಂಥದ್ದು.

ನಮ್ಮ ಜಿಲ್ಲೆಗಳ ಮಟ್ಟಿಗೆ ಮುಖ್ಯನಾದವನು ಇವರ್ಯಾರೂ ಅಲ್ಲ, ಮೆಥೋಡಿಸ್ಟ್ ಪಂಥದ ಮೂಲಪುರುಷನಾದ ಇಂಗ್ಲೆಂಡಿನ ಜಾನ್ ವೆಸ್ಲಿ. ಆಂಗ್ಲಿಕನ್ ಪಾದ್ರಿಯ ಮಗ, ತಾನೂ ಪಾದ್ರಿ. 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ ಲೂಥರನ ಬರಹವನ್ನು ಓದುವುದು ಕೇಳುತ್ತಿದ್ದಾಗ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ದಿನಚರಿಯಲ್ಲಿ ಬರೆದುಕೊಂಡ. ‘ನಾನು ಇಂಥ ದಿನ ಇಂಥ ಗಳಿಗೆಯಲ್ಲಿ ರಕ್ಷಣೆ ಹೊಂದಿದೆ’ ಎಂದು ಸಾಕ್ಷಿ ಹೇಳುವ ರೂಢಿಗೆ ಈ ಟಿಪ್ಪಣಿ ದೊಡ್ಡ ಮಾದರಿಯಾಯಿತು. ಶಿಶುವಾಗಿದ್ದಾಗ ದೀಕ್ಷಾಸ್ನಾನದಲ್ಲಿ ಹೊಸ ಹುಟ್ಟು ಪಡೆದೆವೆಂಬ ಜಜ್ಜಿಹೋದ ದಂಟನ್ನು ಊರಿ ನಿಲ್ಲಬೇಡಿ ಎಂದು ಅವನು ಮುಂದೆ ಪ್ರಸಂಗ ಮಾಡಿದ. ಆದರೂ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದನ್ನು ನಿಲ್ಲಿಸಲಿಲ್ಲ, ಹೊಸ ಹುಟ್ಟಾಯಿತೆಂದು ಅದನ್ನು ಮತ್ತೆ ಪಡೆಯಬೇಕೆಂದೂ ಹೇಳಲಿಲ್ಲ. ನೀರು ಮತ್ತು ಹೊಸ ಹುಟ್ಟು ಬೇರೆ ಬೇರೆ, ಎರಡೂ ಬೇಕು ಎಂಬುದು ಅವನ ನಿಲುವು.

ಅದೇ ದಿನಚರಿಯ ಇನ್ನೊಂದು ಪುಟವನ್ನು ಸಾಕ್ಷಿ ಹೇಳುವವರು ಅಷ್ಟಾಗಿ ಓದುವುದಿಲ್ಲ. 1739ರ ಜನವರಿ 4ರ ಕೆಳಗೆ, ತಾನು ಈಗಲೂ ಕ್ರೈಸ್ತನಲ್ಲವೆಂಬ ಒಪ್ಪಿಗೆಯಿದೆ. ಅದು ವೆಸ್ಲಿಯದೇ ಮಾತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಹೃದಯ ಬೆಚ್ಚಗಾಗಿ ಎಂಟು ತಿಂಗಳೂ ಕಳೆದಿರಲಿಲ್ಲ.

ಈ ವೆಸ್ಲಿಯ ಅನುಯಾಯಿಗಳು 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿದರು. ಥಾಮಸ್ ಹಾಡ್ಸನ್ ಕಟ್ಟಿದ ಆ ಮಿಷನ್ ನೆಲೆಗೆ 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಹರೆಯದ ಐರಿಷ್ ಯುವಕ ಬಂದ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮುಂದಾಳುತನದಲ್ಲಿ ಸಿದ್ಧವಾದ ಕನ್ನಡ ಸತ್ಯವೇದ (ಬೈಬಲ್) ಅದಕ್ಕೆ ಕೆಲವು ವರ್ಷ ಮೊದಲು ಪೂರ್ತಿಯಾಗಿ ಸಿಗತೊಡಗಿತ್ತು. ಗುಬ್ಬಿಯೆಂದರೆ ಚನ್ನಬಸವೇಶ್ವರನ ಊರು, ವೀರಶೈವರ ಊರು. ಗುರು ಲಿಂಗದೀಕ್ಷೆ ಕೊಟ್ಟ ಮೇಲೆ ಮನುಷ್ಯ ಗುರುಕರಜಾತ (ಗುರುವಿನ ಕೈಯಲ್ಲಿ ಹುಟ್ಟಿದವನು), ಅವನ ಪೂರ್ವಾಶ್ರಯ (ಹಿಂದಿನ ನೆಲೆ) ಅಳಿಯಿತು ಎಂದು ನಂಬುವವರ ನಡುವೆ ನಿಂತು, ನೀವು ಎರಡನೆಯ ಬಾರಿ ಹುಟ್ಟಬೇಕು ಎಂದು ಸಾರಿದರೆ ಕೇಳುಗರು ಬೆಚ್ಚಿಬೀಳುವ ಕಾರಣವೇ ಇರಲಿಲ್ಲ. ಗುರು ಯಾರು ಎಂಬುದರಲ್ಲಿ ಮಾತ್ರ ತಕರಾರು ಇದ್ದೀತು. ಗುಬ್ಬಿಯಲ್ಲಿ ದುಡಿದ ಪಾದ್ರಿಗಳ ಚರಿತ್ರೆ ಬರೆಯುವವರು ಈ ಸಾಮ್ಯವನ್ನು ಇನ್ನೂ ಹೆಚ್ಚು ಗಮನಿಸಬೇಕಿತ್ತೆಂದು ನನಗನ್ನಿಸುತ್ತದೆ.

ಆರ್ಥರ್ ಆರೋಗ್ಯ ಕೆಟ್ಟು 1841ರಲ್ಲಿ ಹಿಂತಿರುಗಿದ. ಆದರೆ ಪವಿತ್ರಾತ್ಮನ ಬೆಂಕಿಯಿಲ್ಲದ ಸಭೆ ಒಣ ಸಭೆ ಎಂದು ವಾದಿಸುವ ಅವನ 1856ರ ಪುಸ್ತಕ ಇಂಗ್ಲೆಂಡ್, ಅಮೆರಿಕಗಳ ಉಜ್ಜೀವನ (ನಂಬಿಕೆಗೆ ಮತ್ತೆ ಜೀವ ತುಂಬುವ) ಚಳವಳಿಗಳಲ್ಲಿ ಬಹಳ ಓದಿಸಿಕೊಂಡಿತು. ಮುಂದೆ ಪೆಂಟೆಕೋಸ್ಟಲ್ ಪಂಥ ಮೈತಳೆದದ್ದು ಅಂಥದೇ ನೆಲದಲ್ಲಿ. ಅಂದರೆ, ಇಂದು ಹೊರಗಿನಿಂದ ಬಂದದ್ದೆಂದು ಹಳೆಯ ಸಭೆಯವರು ಬೇಸರಪಡುವ ಪ್ರಶ್ನೆ ಗುಬ್ಬಿಗೆ ಬಂದು ಎರಡು ಶತಮಾನ ಸಮೀಪಿಸುತ್ತಿದೆ. ಅದನ್ನು ತಂದವರು ಅವರದೇ ಸಭೆಯ ಮೂಲಪುರುಷರು.

ಹಾಗಾದರೆ ನಡುವೆ ಅದು ಮರೆತುಹೋದದ್ದು ಹೇಗೆ? ದೊಡ್ಡ ಕಾರಣ ಬರ. 1876ರಿಂದ 78ರವರೆಗಿನ, ಹಿರಿಯರ ಬಾಯಲ್ಲಿ ಧಾತು ಈಶ್ವರದ ಬರ, ಮೈಸೂರು ಸಂಸ್ಥಾನವನ್ನು ಬರಿದು ಮಾಡಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಯಾವ ದೊಡ್ಡ ಮಿಷನ್ನಿಗೂ ಸೇರದೆ ಅನಾಥ ಮಕ್ಕಳನ್ನು ಸಾಕಲು ನಿಂತರು. ವೆಸ್ಲಿಯನ್ ಮಿಷನ್ನವರೂ ಅನಾಥಾಲಯ ತೆರೆದರು. ಗಂಜಿ, ಬಟ್ಟೆ, ಅಕ್ಷರ, ಕಸುಬಿನ ಜೊತೆಗೆ ಆ ಮಕ್ಕಳಿಗೆ ದೀಕ್ಷಾಸ್ನಾನವೂ ಆಯಿತು. ಅವರಲ್ಲಿ ಅನೇಕರಿಗೆ ತಮ್ಮ ಹೆತ್ತವರ ಊರೇ ತಿಳಿದಿರಲಿಲ್ಲ. ಸಾವಿನ ಬಾಯಿಂದ ಎಳೆದು ತಂದ ಮಗುವಿಗೆ, ನೀನು ಹೊಸದಾಗಿ ಹುಟ್ಟಿದ್ದೀಯಾ ಎಂದು ಯಾರು ಕೇಳಿಯಾರು? ಅವರ ಮಟ್ಟಿಗೆ ಅದು ಅಕ್ಷರಶಃ ಸತ್ಯವಾಗಿತ್ತು. ಆದರೆ ಅವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿದ್ದೇ ಸಭೆಯೊಳಗೆ. ರಿಜಿಸ್ಟರಿನಲ್ಲಿ ಹೆಸರು, ಹದಿಹರೆಯದಲ್ಲಿ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ದೃಢೀಕರಣ, ಮಿಷನ್ ಶಾಲೆಯಲ್ಲಿ ಕೆಲಸ, ಕ್ರಿಸ್‌ಮಸ್‌ಗೆ ಹೊಸ ಬಟ್ಟೆ. ನಂಬಿಕೆ ಮನೆತನದ ಆಸ್ತಿಯಂತೆ ಇಳಿದು ಬಂತು. ಇದರಲ್ಲಿ ಕೆಟ್ಟದ್ದೇನಿಲ್ಲ, ಎಷ್ಟೋ ದಾದಿಯರು, ಮೇಷ್ಟ್ರುಗಳು ಈ ಸದ್ದಿಲ್ಲದ ನಂಬಿಕೆಯಿಂದಲೇ ಜೀವ ಸವೆಸಿದ್ದಾರೆ. ಆದರೆ ವೆಸ್ಲಿ ಎಚ್ಚರಿಸಿದ ದಂಟು ಇದೇ ತಾನೇ ಎಂದು ಯಾರಾದರೂ ಕೇಳಿದರೆ ಸಲೀಸಾಗಿ ಇಲ್ಲವೆನ್ನುವುದು ಕಷ್ಟ.

ಆಡಳಿತದ ದಾರಿಯೂ ಒಂದಿಷ್ಟು ಸಿಕ್ಕುಸಿಕ್ಕಾಗಿದೆ. ಕೋಲಾರದ ಕೆಲಸ 1890ರಲ್ಲಿ ಅಮೆರಿಕನ್ ಮೆಥೋಡಿಸ್ಟರ ಕೈಗೆ ಹೋಯಿತು, ಅಲ್ಲಿನ ಇ.ಟಿ.ಸಿ.ಎಂ. ಆಸ್ಪತ್ರೆ ಅವರದು. ಚಿಕ್ಕಬಳ್ಳಾಪುರ ಲಂಡನ್ ಮಿಷನ್ನಿನ ಪಾಲು, ತುಮಕೂರು ವೆಸ್ಲಿಯನ್ನರದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ರೂಪುಗೊಂಡಾಗ ಕೊನೆಯ ಎರಡೂ ಅದರಲ್ಲಿ ಸೇರಿದವು, ಕೋಲಾರದ ಮೆಥೋಡಿಸ್ಟರು ಹೊರಗುಳಿದರು.

ಪೆಂಟೆಕೋಸ್ಟಲ್ ಅಲೆಯ ಆರಂಭವನ್ನು 1906ರ ಲಾಸ್ ಏಂಜಲೀಸ್‌ನ ಉಜ್ಜೀವನದಿಂದ ಹೇಳುವುದು ವಾಡಿಕೆ. ಅದಕ್ಕೆ ಒಂದು ವರ್ಷ ಮೊದಲೇ, ಕರ್ನಾಟಕದ ಘಟ್ಟದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಮುಕ್ತಿ ಆಶ್ರಮದಲ್ಲಿ, ಪುಣೆಯ ಬಳಿ, ಅಂಥದೇ ಉಜ್ಜೀವನ ಕಂಡಿತ್ತು. ಅಲ್ಲಿಯೂ ಬರದಿಂದ ಉಳಿದ ಹೆಣ್ಣುಮಕ್ಕಳೇ ಹೆಚ್ಚಾಗಿದ್ದರು. ಪೆಂಟೆಕೋಸ್ಟಲ್ ಸಭೆಗಳು ವೆಸ್ಲಿಗಿಂತ ಎರಡು ಹೆಜ್ಜೆ ಮುಂದೆ ಹೋದವು: ಹೊಸ ಹುಟ್ಟಿನ ಬಳಿಕ ನಂಬಿದವನು ಪೂರ್ತಿ ಮುಳುಗಿಯೇ ದೀಕ್ಷಾಸ್ನಾನ ಪಡೆಯಬೇಕು, ಆಮೇಲೆ ಪವಿತ್ರಾತ್ಮನ ದೀಕ್ಷಾಸ್ನಾನ, ಅದರ ಗುರುತಾಗಿ ಅನ್ಯಭಾಷೆ, ಅಂದರೆ ಕಲಿಯದ ಭಾಷೆಯಲ್ಲಿ ನುಡಿಯುವುದು. ಕೆಜಿಎಫ್‌ನ ಗಣಿ ಕಾರ್ಮಿಕರ ಕಾಲೊನಿಗಳಲ್ಲಿ ತಮಿಳಿನಲ್ಲಿ, ಮುಳಬಾಗಿಲು, ಬಾಗೇಪಲ್ಲಿ ಕಡೆ ತೆಲುಗಿನಲ್ಲಿ, ತುಮಕೂರಿನ ಬಡಾವಣೆಗಳಲ್ಲಿ ಕನ್ನಡದಲ್ಲಿ ಈ ಕೂಟಗಳು ನಡೆಯುತ್ತವೆ. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿ, ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೊರಡುವ ಊರಾಯಿತಲ್ಲ ಕೆಜಿಎಫ್, ಅಲ್ಲಿ ಕುಡಿತ ಬಿಟ್ಟ ಗಂಡಸಿನ ಸಾಕ್ಷಿಗೆ ಇರುವ ತೂಕ ಧರ್ಮಬೋಧೆಯ ಯಾವ ಪ್ರಶ್ನೋತ್ತರ ಪುಸ್ತಕಕ್ಕೂ ಇಲ್ಲ. ಹಳೆಯ ಸಭೆಗಳು ಇದನ್ನು ಒಪ್ಪಿಕೊಳ್ಳಲು ತಡಮಾಡಿದವು. ಹೊಸ ಸಭೆಗಳೋ, ಸಾಕ್ಷಿಯಲ್ಲಿ ತಾರೀಖು ಹೇಳಲಾಗದವನು ಹುಟ್ಟಿಯೇ ಇಲ್ಲವೆಂದು ತೀರ್ಮಾನಿಸಲು ಅವಸರ ಮಾಡಿದವು. ಹಲವು ದೇಶಗಳ ಚರ್ಚುಗಳ ಒಕ್ಕೂಟವಾದ ವಿಶ್ವ ಸಭೆಗಳ ಮಂಡಳಿಯ 1982ರ ಲಿಮಾ ಒಪ್ಪಂದದ ಪಠ್ಯ, ದೀಕ್ಷಾಸ್ನಾನ ಪುನರಾವರ್ತಿಸಲಾಗದ್ದು, ಮರುಸ್ನಾನವೆಂದು ತೋರುವ ಯಾವ ಆಚರಣೆಯೂ ಬೇಡವೆಂದು ಹೇಳಿತು. ಆ ಮಂಡಳಿಯಲ್ಲೇ ಇಲ್ಲದ ಸಭೆಗಳಿಗೆ ಅದು ತಲುಪುವ ಮಾತೇ ಇರಲಿಲ್ಲ.

ಇಷ್ಟು ಒಳಗಿನ ಕಥೆ. ಹೊರಗೆ, ನೀರಿಗೆ ಸರ್ಕಾರ ಬೇರೆಯೇ ಅರ್ಥ ಕೊಟ್ಟಿದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ಕ್ರೈಸ್ತರಾದವರು ಅದನ್ನು ಕಳೆದುಕೊಳ್ಳುತ್ತಾರೆ; ಕರ್ನಾಟಕದಲ್ಲಿ ಅವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಜಾಗವಿದೆ. 2011ರ ಗಣತಿಯಲ್ಲಿ ಶೇ. 30ರಷ್ಟು ಪರಿಶಿಷ್ಟ ಜಾತಿಯವರಿದ್ದು ರಾಜ್ಯದಲ್ಲೇ ಮೊದಲ ಸ್ಥಾನದಲ್ಲಿರುವ ಕೋಲಾರದಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. ಒಳಗೆ ಹೊಸದಾಗಿ ಹುಟ್ಟಿದ್ದೇನೆಂದು ನಂಬಿ, ಮಕ್ಕಳ ಹಾಸ್ಟೆಲ್ ಸೀಟು ನೆನೆದು ನೀರಿಗಿಳಿಯದೆ ನಿಲ್ಲುವವರಿದ್ದಾರೆ. ಅವರನ್ನು ಅರ್ಧ ಮನಸ್ಸಿನವರೆಂದು ಕರೆಯುವುದು ವೇದಿಕೆಯ ಮೇಲೆ ನಿಂತವರಿಗೆ ಸುಲಭ.

ಒತ್ತಾಯ, ಆಮಿಷಗಳ ಮತಾಂತರ ತಡೆಯಲೆಂದು 2022ರಲ್ಲಿ ರಾಜ್ಯ ತಂದ ಕಾನೂನು, ಮತ ಬದಲಿಸುವವರು 30 ದಿನ ಮುಂಚಿತವಾಗಿ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂಪಡೆಯಲು ನಿರ್ಧರಿಸಿತು. 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಉದ್ಯೋಗಕ್ಕಾಗಿ ಅವರು ಕೇಳಿದ ಪರಿಶಿಷ್ಟ ಜಾತಿ ಪ್ರಮಾಣಪತ್ರವನ್ನು ನಿರಾಕರಿಸಿತು. ಅವರು ಚರ್ಚಿಗೆ ಹೋಗುತ್ತಿದ್ದುದರ ಜೊತೆಗೆ, ಹಸುಗೂಸಾಗಿದ್ದಾಗ ಆದ ದೀಕ್ಷಾಸ್ನಾನದ ದಾಖಲೆಯೂ ಅಲ್ಲಿ ಎಣಿಕೆಗೆ ಬಂತು. ಯಾವ ಸ್ನಾನದಿಂದ ಏನೂ ಆಗುವುದಿಲ್ಲವೆಂದು ಹೊಸ ಸಭೆಗಳು ಸಾರುತ್ತಿವೆಯೋ ಅದೇ ಸ್ನಾನ.

ಕ್ರೈಸ್ತ, ಮುಸ್ಲಿಂ ದಲಿತರ ಬೇಡಿಕೆ ಪರಿಶೀಲಿಸಲು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ಪರಿಶಿಷ್ಟ ಜಾತಿಯ ವ್ಯಕ್ತಿ ಬೇರೆ ಧರ್ಮಕ್ಕೆ ಸೇರಿದ ಮೇಲೆ ಅವನ ಆಚಾರ, ಸಂಪ್ರದಾಯ, ಸಾಮಾಜಿಕ ಸ್ಥಾನಮಾನಗಳಲ್ಲಿ ಏನು ಬದಲಾಗುತ್ತದೆ ಎಂದು ನೋಡುವುದೂ ಅದಕ್ಕೆ ಒಪ್ಪಿಸಿದ ಕೆಲಸಗಳಲ್ಲೊಂದು.