ಬೇಲಿಯೊಳಗೆ ಉಳಿದ ಬೈಸನ್, ಎಲ್ಕ್: ಷಿಕಾಗೋ ಸುತ್ತಲಿನ ಹಿಂಡುಗಳ ಹಿನ್ನೆಲೆ

ಷಿಕಾಗೋ ನಗರದ ಪಶ್ಚಿಮಕ್ಕಿರುವ ನೇಪರ್‌ವಿಲ್, ಅರೋರಾ ಊರುಗಳಲ್ಲಿ ಕನ್ನಡಿಗರ ಮನೆಗಳು ಸಾಕಷ್ಟಿವೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರಿಗೆ ಅಮೆರಿಕದ ಕಾಡುಪ್ರಾಣಿ ತೋರಿಸಬೇಕೆಂದರೆ ದೂರದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದವರೆಗೆ ಹೋಗಬೇಕೆಂಬ ಭಾವನೆ ಇವರಲ್ಲಿ ಅನೇಕರಿಗಿದೆ. ಆದರೆ ಪಕ್ಕದ ಬಟೇವಿಯಾದಲ್ಲಿರುವ ಫರ್ಮಿಲ್ಯಾಬ್ ಭೌತವಿಜ್ಞಾನ ಪ್ರಯೋಗಾಲಯದ ಆವರಣದಲ್ಲೇ ಬೈಸನ್ ಎಂಬ ಅಮೆರಿಕದ ಕಾಡುದನಗಳ ಹಿಂಡೊಂದು ಮೇಯುತ್ತದೆ. ಓಹೇರ್ ವಿಮಾನ ನಿಲ್ದಾಣದ ಸಮೀಪದ ಬಸ್ಸಿ ವುಡ್ಸ್ ಕಾಡಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳಿವೆ. ದಕ್ಷಿಣಕ್ಕೆ ವಿಲ್ಮಿಂಗ್ಟನ್ ಬಳಿಯ ಮಿಡೇವಿನ್‌ನಲ್ಲಿಯೂ ಪಶ್ಚಿಮಕ್ಕೆ ಫ್ರಾಂಕ್ಲಿನ್ ಗ್ರೋವ್ ಬಳಿಯ ನಚೂಸಾದಲ್ಲಿಯೂ ಹುಲ್ಲುಗಾವಲಿಗೆ ಮರಳಿ ತಂದು ಬಿಟ್ಟ ಬೈಸನ್‌ಗಳಿವೆ. ಇವೆಲ್ಲವೂ ಬೇಲಿಯೊಳಗಿನ ಪ್ರಾಣಿಗಳು, ಆದ್ದರಿಂದ ಮೃಗಾಲಯಕ್ಕಿಂತ ಹೆಚ್ಚೇನಲ್ಲ ಎಂದು ತಳ್ಳಿಹಾಕುವವರಿದ್ದಾರೆ. ಈ ಪ್ರಾಣಿಗಳು ಇಂದಿನವರೆಗೆ ಉಳಿದು ಬಂದ ಬಗೆಯನ್ನು ತಿಳಿದವರು ಹಾಗೆ ಹೇಳಲಾರರು.

ಷಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಒಂದು ಕಾಲಕ್ಕೆ ಸುಮಾರು 2.2 ಕೋಟಿ ಎಕರೆ ಎತ್ತರದ ಹುಲ್ಲಿನ ಬಯಲಿತ್ತು. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ ಉಕ್ಕಿನ ನೇಗಿಲನ್ನು ರೂಪಿಸಿದ ಮೇಲೆ, ಜಿಗುಟಾದ ಆ ಕಪ್ಪು ಮಣ್ಣು ಸಲೀಸಾಗಿ ಉಳುಮೆಗೆ ಒದಗಿತು. ಕೆಲವೇ ದಶಕಗಳಲ್ಲಿ ಬಯಲೆಲ್ಲ ಹೊಲವಾಯಿತು. ಅಷ್ಟರಲ್ಲಾಗಲೇ ಬೇಟೆಯಿಂದಾಗಿ ಈ ರಾಜ್ಯದ ಬೈಸನ್‌ಗಳು ಮುಗಿದುಹೋಗಿದ್ದವು. ದೇಶದ ಪೂರ್ವಭಾಗದಲ್ಲಿದ್ದ ಎಲ್ಕ್ ಉಪಜಾತಿಯಂತೂ ಆ ಶತಮಾನ ಮುಗಿಯುವುದರೊಳಗೆ ಪೂರ್ತಿ ಅಳಿದುಹೋಯಿತು. ಇಂದು ಇಲಿನಾಯ್‌ನಲ್ಲಿ ಕಾಣುವ ಎಲ್ಕ್‌ಗಳು ರಾಕಿ ಪರ್ವತಗಳ ಕಡೆಯಿಂದ ತಂದವುಗಳ ವಂಶದವು.

ಪಶ್ಚಿಮದ ಬಯಲುಗಳಲ್ಲಿ ನಡೆದ ಸಂಹಾರ ಇದಕ್ಕಿಂತ ಬಹಳ ದೊಡ್ಡದು. ಕೋಟಿಗಳ ಲೆಕ್ಕದಲ್ಲಿದ್ದ ಬೈಸನ್‌ಗಳನ್ನು ಚರ್ಮಕ್ಕಾಗಿ ಕೊಂದರು. ಅವನ್ನೇ ನಂಬಿ ಬದುಕಿದ್ದ ಮೂಲನಿವಾಸಿ ಜನರನ್ನು ಮಣಿಸಲು ಈ ಸಂಹಾರ ಅನುಕೂಲವೆಂದು ಸೇನೆಯ ಹಿರಿಯ ಅಧಿಕಾರಿಗಳೇ ಎಣಿಸಿದ್ದರು. 1889ರಲ್ಲಿ ಪ್ರಾಣಿತಜ್ಞ ವಿಲಿಯಂ ಹಾರ್ನಡೇ ಉತ್ತರ ಅಮೆರಿಕದಾದ್ಯಂತ ವಿಚಾರಿಸಿ ಲೆಕ್ಕ ಹಾಕಿದಾಗ ಉಳಿದಿದ್ದವು 1,091 ಮಾತ್ರ, ಅವುಗಳಲ್ಲಿ 256 ಯಾರದೋ ದೊಡ್ಡಿಯಲ್ಲಿ ಸಾಕಿದವು. ದೊಡ್ಡಿಯ ಈ ಸಣ್ಣ ಸಂಖ್ಯೆಯೇ ಮುಂದೆ ಇಡೀ ಜಾತಿಯನ್ನು ಉಳಿಸಿದ್ದರಲ್ಲಿ ಹೆಚ್ಚಿನ ಪಾಲು ಪಡೆಯಿತು. ಮೊಂಟಾನಾದಲ್ಲಿ ಮಿಷೆಲ್ ಪಾಬ್ಲೋ ಮತ್ತು ಚಾರ್ಲ್ಸ್ ಅಲಾರ್ಡ್, ಟೆಕ್ಸಸ್‌ನಲ್ಲಿ ಚಾರ್ಲ್ಸ್ ಗುಡ್‌ನೈಟ್ ದಂಪತಿ ಸಾಕಿಕೊಂಡಿದ್ದ ಹಿಂಡುಗಳು ಇಂಥವು. ಕಾಡು ಬೈಸನ್‌ಗಳ ಕೊನೆಯ ಆಸರೆಯೆಂದು ಹೆಸರಾದ ಯೆಲ್ಲೋಸ್ಟೋನ್‌ನಲ್ಲಿ 1902ರ ವೇಳೆಗೆ ಎರಡು ಡಜನ್ ಬೈಸನ್ ಕೂಡ ಉಳಿದಿರಲಿಲ್ಲ. ಆಗ ಪಾಬ್ಲೋ–ಅಲಾರ್ಡ್ ಹಿಂಡಿನಿಂದಲೂ ಗುಡ್‌ನೈಟ್ ಹಿಂಡಿನಿಂದಲೂ ಒಟ್ಟು 21 ಪ್ರಾಣಿಗಳನ್ನು ಅಲ್ಲಿಗೆ ತರಲಾಯಿತು. ಅಲ್ಲಿ ಇಂದು ಕಾಣುವ ಹಿಂಡಿನಲ್ಲಿಯೂ ಸಾಕಿದ ಬೈಸನ್‌ಗಳ ರಕ್ತವಿದೆ.

1905ರಲ್ಲಿ ಅಮೆರಿಕನ್ ಬೈಸನ್ ಸೊಸೈಟಿ ಹುಟ್ಟಿತು. 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ 15 ಬೈಸನ್‌ಗಳನ್ನು ರೈಲಿನಲ್ಲಿ ಒಕ್ಲಹೋಮಾದ ವಿಚಿಟಾ ಬೆಟ್ಟಗಳಿಗೆ ಕಳುಹಿಸಲಾಯಿತು. 1913ರಲ್ಲಿ ಇನ್ನೂ 14 ಪ್ರಾಣಿಗಳು ಸೌತ್ ಡಕೋಟಾದ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನಕ್ಕೆ ಹೋದವು. ಮಹಾನಗರದ ಮೃಗಾಲಯದಲ್ಲಿದ್ದ ಪ್ರಾಣಿಗಳು ಬಯಲಿಗೆ ಮರಳಿದ ಈ ಎರಡನೆಯ ಪಯಣವನ್ನು ನೆನಪಿಡಬೇಕು, ಅದರ ಮುಂದಿನ ಕೊಂಡಿ ಷಿಕಾಗೋ ಸೀಮೆಗೇ ಬಂದು ಮುಟ್ಟುತ್ತದೆ.

ಷಿಕಾಗೋ ಸುತ್ತಲಿನ ಈ ಹಿಂಡುಗಳಲ್ಲಿ ಎಲ್ಲಕ್ಕಿಂತ ಹಳೆಯದು ಎಲ್ಕ್‌ಗಳದು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಯೆಲ್ಲೋಸ್ಟೋನ್ ಸೀಮೆಯಲ್ಲಿ ಎಲ್ಕ್‌ಗಳು ಹೆಚ್ಚಾದಾಗ ಅವನ್ನು ರೈಲಿನಲ್ಲಿ ಹಲವು ರಾಜ್ಯಗಳಿಗೆ ಹಂಚಲಾಗುತ್ತಿತ್ತು. ಷಿಕಾಗೋ ಸೇರಿರುವ ಕುಕ್ ಕೌಂಟಿಯ ಮುಖಂಡ ವಿಲಿಯಂ ಬಸ್ಸಿ 1925ರಲ್ಲಿ ಅಂಥ ಪುಟ್ಟ ಹಿಂಡೊಂದನ್ನು ಇಂದಿನ ಬಸ್ಸಿ ವುಡ್ಸ್‌ಗೆ ತರಿಸಿದರು. ಪಕ್ಕದ ಎಲ್ಕ್ ಗ್ರೋವ್ ವಿಲೇಜ್ ಪುರಸಭೆಯಾಗಿ ರೂಪುಗೊಂಡದ್ದು 1956ರಲ್ಲಿ. ಇಂದು ಆ ಆವರಣದ ಸುತ್ತ ಹೆದ್ದಾರಿಗಳಿವೆ, ತಲೆಯ ಮೇಲೆ ಇಳಿಯುವ ವಿಮಾನಗಳ ಸದ್ದಿದೆ. ಆದರೂ ಸೆಪ್ಟೆಂಬರ್ ಬೆದೆಗಾಲದಲ್ಲಿ ಮುಂಜಾನೆ ಬೇಲಿಯ ಬಳಿ ನಿಂತರೆ, ಕೊಂಬು ಹೊತ್ತ ಗಂಡು ಕತ್ತು ಚಾಚಿ ಬಾಯಿ ತೆರೆದು ಕೂಗುವುದು ಕೇಳುತ್ತದೆ. ನಮ್ಮ ಕಡವೆಯ ಬಳಗಕ್ಕೆ ಸೇರಿದ, ಅದಕ್ಕಿಂತ ದೊಡ್ಡ ಮೈಯ ಈ ಪ್ರಾಣಿಯ ಗಂಟಲಿನಿಂದ ಕೊಳಲಿನಷ್ಟು ಸಣ್ಣ ಸ್ವರ ಏರುತ್ತಾ ಹೋಗಿ, ಕೊನೆಗೆ ಗೊರಗೊರ ಸದ್ದಾಗಿ ಮುಗಿಯುತ್ತದೆ. ಬೇಸಗೆಯಲ್ಲಿ ಕೊಂಬಿನ ಮೇಲೆ ಮಖಮಲ್ಲಿನಂಥ ಚರ್ಮವಿದ್ದದ್ದು ಅಷ್ಟರಲ್ಲಿ ಉದುರಿರುತ್ತದೆ. ಚಳಿಗಾಲ ಕಳೆಯುವಾಗ ಕೊಂಬುಗಳೇ ಕಳಚಿ ಬೀಳುತ್ತವೆ. ಮನೆಗೆ ಹತ್ತಿರವಿದ್ದು ವರ್ಷವಿಡೀ ಮತ್ತೆ ಮತ್ತೆ ಹೋಗುವವರಿಗೆ ಮಾತ್ರ ಈ ಬದಲಾವಣೆಗಳೆಲ್ಲ ಕಾಣಸಿಗುತ್ತವೆ.

ಫರ್ಮಿಲ್ಯಾಬ್‌ನ ಹಿಂಡು 1969ರದು. ಪ್ರಯೋಗಾಲಯದ ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ ವಯೋಮಿಂಗ್‌ನಲ್ಲಿ ಹುಟ್ಟಿದವರು. ಒಂದು ಗಂಡು, ನಾಲ್ಕು ಹೆಣ್ಣು ಬೈಸನ್‌ಗಳನ್ನು ಅವರು ತರಿಸಿದರು. ವಿಕಿರಣ ಸೋರಿದರೆ ಮೊದಲೇ ತಿಳಿಯಲೆಂದು ಬೈಸನ್‌ಗಳನ್ನು ಇಟ್ಟಿದ್ದಾರೆಂಬ ಪುಕಾರು ಸುತ್ತಲ ಊರುಗಳಲ್ಲಿ ಹಬ್ಬಿತ್ತು, ಅದರಲ್ಲಿ ಹುರುಳಿಲ್ಲ. ಆ ನೆಲದ ಹಳೆಯ ಬಯಲಿನ ಗುರುತಾಗಿ, ವಿಜ್ಞಾನದ ಹೊಸ ಗಡಿಯ ಸಂಕೇತವಾಗಿ ಅವನ್ನು ತಂದದ್ದು. ಬಯಲು ಮರಳಿದ್ದು ಆಮೇಲೆ: 1975ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬೆಟ್ಜ್ ಸ್ವಯಂಸೇವಕರೊಂದಿಗೆ ಸೇರಿ, ಕಣವೇಗವರ್ಧಕದ (ಪರಮಾಣುವಿನ ಕಣಗಳನ್ನು ಅತಿವೇಗದಲ್ಲಿ ಓಡಿಸುವ ಯಂತ್ರದ) ದೊಡ್ಡ ವರ್ತುಲದ ಒಳಗಿನ ನೆಲದಲ್ಲಿ ಮೂಲ ಹುಲ್ಲುಗಳ ಬೀಜ ಬಿತ್ತಿದರು. ಬೈಸನ್‌ಗಳು ಮೇಯುವುದು ಬೇರೆಯದೇ ಗೋಮಾಳದಲ್ಲಿ, ಒಣಹುಲ್ಲನ್ನೂ ಹಾಕುತ್ತಾರೆ. ವಸಂತದಲ್ಲಿ ಹುಟ್ಟುವ ಕರುಗಳ ಮೈ ದಾಲ್ಚಿನ್ನಿ ಬಣ್ಣದ್ದು, ತಾಯಂದಿರ ಕಡುಗಂದು ಮೈಯ ನಡುವೆ ದೂರದಿಂದಲೇ ಎದ್ದು ಕಾಣುತ್ತವೆ. ಮಕ್ಕಳನ್ನು ಮೊದಲ ಬಾರಿಗೆ ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ನಚೂಸಾದ ಉದ್ದೇಶ ಬೇರೆ. ಜಾನ್ ಡೀರ್ ನೇಗಿಲು ಮಾಡಿದ ಹಳ್ಳಿಗೆ ಹತ್ತಿರದಲ್ಲೇ, ನೇಗಿಲಿಗೆ ಸಿಗದೆ ಉಳಿದಿದ್ದ ತುಣುಕು ಬಯಲುಗಳನ್ನು ದಿ ನೇಚರ್ ಕನ್ಸರ್ವೆನ್ಸಿ ಎಂಬ ನಿಸರ್ಗ ಸಂರಕ್ಷಣಾ ಸಂಸ್ಥೆ 1986ರಿಂದ ಕೊಳ್ಳುತ್ತಾ ಬಂದಿತು. ನಡುವಿನ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಸ್ವಯಂಸೇವಕರು ಕೈಯಾರೆ ಕೂಡಿಸಿದ ಬೀಜವನ್ನು ಬಿತ್ತಿ ಆ ತುಣುಕುಗಳನ್ನು ಜೋಡಿಸಿದರು. ಸುಮಾರು ಮೂರು ದಶಕಗಳ ಈ ದುಡಿಮೆಯ ಮೇಲೆ, 2014ರ ಅಕ್ಟೋಬರ್‌ನಲ್ಲಿ, ಬೈಸನ್‌ಗಳು ಬಂದವು. ಅವು ವಿಂಡ್ ಕೇವ್ ವಂಶದವು, ಅಂದರೆ ಬ್ರಾಂಕ್ಸ್‌ನಿಂದ ರೈಲಿನಲ್ಲಿ ಹೋದವುಗಳ ಸಂತತಿ. ಹಿಂದೆ ಹಲವು ಸಾಕಣೆದಾರರು ಬೈಸನ್‌ಗಳನ್ನು ದನಗಳೊಂದಿಗೆ ಬೆರೆಸಿ ತಳಿ ತೆಗೆಯಲು ಹೊರಟಿದ್ದರು. ಆ ಬೆರಕೆಯ ಅಂಶ ತೀರ ಕಡಿಮೆಯಿರುವ ಹಿಂಡೆಂದು ವಿಂಡ್ ಕೇವ್‌ಗೆ ಬೆಲೆ ಬಂದಿತ್ತು. 2015ರಲ್ಲಿ ನಚೂಸಾದಲ್ಲಿ ಮೊದಲ ಕರು ಹುಟ್ಟಿತು. ಅದೇ ವರ್ಷ ಮಿಡೇವಿನ್‌ಗೂ 27 ಬೈಸನ್‌ಗಳು ಬಂದವು. ಯುದ್ಧಕಾಲದಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಸೇನೆಯ ಆ ನೆಲವನ್ನು 1996ರಲ್ಲಿ ಕಾನೂನಿನ ಮೂಲಕ ರಾಷ್ಟ್ರೀಯ ಹುಲ್ಲುಗಾವಲಾಗಿ ಗೊತ್ತುಮಾಡಲಾಗಿತ್ತು. ಮಣ್ಣು ಮುಚ್ಚಿದ ಹಳೆಯ ಮದ್ದಿನ ಉಗ್ರಾಣಗಳು ಇಂದಿಗೂ ಅಲ್ಲಿ ಸಾಲಾಗಿ ನಿಂತಿವೆ.

ಈ ಎರಡು ಕಡೆ ಪ್ರಾಣಿಗಳಿಗೆ ಮಾಡುವ ಕೆಲಸವಿದೆ. ಬೈಸನ್ ಮುಖ್ಯವಾಗಿ ಹುಲ್ಲನ್ನು ಮೇಯುತ್ತದೆ, ಹೂಗಿಡಗಳನ್ನು ಬಹುಮಟ್ಟಿಗೆ ಬಿಡುತ್ತದೆ, ಹಾಗಾಗಿ ಉದ್ದ ಹುಲ್ಲಿನ ಕೆಳಗೆ ಬೆಳಕಿಲ್ಲದೆ ಸೊರಗುತ್ತಿದ್ದ ಗಿಡಗಳು ಹೂಬಿಡುತ್ತವೆ. ನೊಣಗಳ ಕಾಟ ಕಳೆಯಲು ಅದು ಮಣ್ಣಿನಲ್ಲಿ ಹೊರಳಾಡಿದ ಜಾಗ ತಟ್ಟೆಯಾಕಾರದ ತಗ್ಗಾಗುತ್ತದೆ, ಮಳೆ ಬಂದಾಗ ಅಲ್ಲಿ ನೀರು ನಿಂತು ಕಪ್ಪೆ, ಕೀಟಗಳಿಗೆ ನೆಲೆಯಾಗುತ್ತದೆ. ಆದರೆ ಬಯಲು ಇಲ್ಲಿ ವಿಶಾಲ, ಹಿಂಡು ದಿಬ್ಬದಾಚೆ ಇದ್ದರೆ ನೋಡಲು ಬಂದವರು ಬರಿಗಣ್ಣಿಗೆ ಒಂದೂ ಕಾಣದೆ ಮರಳಬೇಕಾಗಬಹುದು. ಗಂಡು ಬೈಸನ್ 900 ಕಿಲೋವರೆಗೆ ತೂಗಿದರೂ ಗಂಟೆಗೆ 50 ಕಿಲೋಮೀಟರಿಗೂ ಮೀರಿ ಓಡಬಲ್ಲದು, ಆದ್ದರಿಂದ ಬೇಲಿ ದಾಟುವ ಯೋಚನೆ ಯಾರೂ ಮಾಡಬಾರದು.

ಎಲ್ಕ್‌ಗಳ ವಿಷಯದಲ್ಲಿ ಇಲಿನಾಯ್ ಇಷ್ಟು ಮುಂದೆ ಹೋಗಿಲ್ಲ. ನೆರೆಯ ವಿಸ್ಕಾನ್ಸಿನ್ 1995ರಲ್ಲಿ ಮಿಷಿಗನ್‌ನಿಂದ 25 ಎಲ್ಕ್‌ಗಳನ್ನು ತಂದು ಕಾಡಿಗೆ ಬಿಟ್ಟಿತು. ಕೆಂಟಕಿ 1997ರಿಂದ 2002ರವರೆಗೆ 1,500ಕ್ಕೂ ಹೆಚ್ಚು ಎಲ್ಕ್‌ಗಳನ್ನು ಪಶ್ಚಿಮದ ರಾಜ್ಯಗಳಿಂದ ತಂದು ಕಲ್ಲಿದ್ದಲು ಗಣಿಗಳು ಮುಚ್ಚಿದ ಬೆಟ್ಟಗಳಲ್ಲಿ ಬಿಟ್ಟಿತು, ಅವು ಇಂದು ಸಾವಿರಗಟ್ಟಲೆಯಾಗಿವೆ. ಇಲಿನಾಯ್‌ನಲ್ಲಿ ಹೊಲ, ರಸ್ತೆಗಳ ನಡುವೆ ಅಷ್ಟು ದೊಡ್ಡ ಕಾಡು ಉಳಿದಿಲ್ಲ. ಜೊತೆಗೆ ಜಿಂಕೆ ಜಾತಿಯ ಪ್ರಾಣಿಗಳ ಮಿದುಳನ್ನು ಹಾಳುಮಾಡಿ ಕೊಲ್ಲುವ ಅಂಟುರೋಗವೊಂದು (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) 2002ರಿಂದ ರಾಜ್ಯದ ಉತ್ತರಭಾಗದ ಜಿಂಕೆಗಳಲ್ಲಿ ಕಾಣಿಸಿಕೊಂಡಿದ್ದು, ಇಂಥ ಪ್ರಾಣಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದೇ ಅಪಾಯದ ಕೆಲಸವಾಗಿದೆ. ಹೀಗಾಗಿ ಷಿಕಾಗೋ ಸುತ್ತಲಿನವರು ಎಲ್ಕ್‌ನ ಕೂಗನ್ನು ಮನೆಯ ಹತ್ತಿರವೇ ಕೇಳಬೇಕೆಂದರೆ, ಸದ್ಯಕ್ಕೆ ಬಸ್ಸಿ ವುಡ್ಸ್‌ನ ಬೇಲಿಯ ಬಳಿಗೇ ಹೋಗಬೇಕು.